ಆಸ್ಟ್ರೇಲಿಯಾ ವೀಸಾ: ಎಲೆಕ್ಟ್ರಿಷಿಯನ್ ಕೌಶಲ್ಯ ಮೌಲ್ಯಮಾಪನಕ್ಕೆ ಅನುಭವದ ಪುರಾವೆ

ಪ್ರಶ್ನೆ (ತುಮಕೂರು): ಐಟಿಐ ಮುಗಿಸಿ ವಸಂತನರಸಾಪುರದಲ್ಲಿ 9 ವರ್ಷಗಳಿಂದ ಎಲೆಕ್ಟ್ರಿಷಿಯನ್ ಆಗಿದ್ದೇನೆ. ಮೊದಲ 3 ವರ್ಷ ಗುತ್ತಿಗೆದಾರರು ಸಂಬಳವನ್ನು ಕೈಗೇ ಕೊಟ್ಟಿದ್ದರಿಂದ ಒಂದು ಚೀಟಿಯೂ ಇಲ್ಲ. ಆ ಅನುಭವವನ್ನು ಹೇಗೆ ಸಾಬೀತುಪಡಿಸಲಿ?

ಉತ್ತರ 1: ಮೌಲ್ಯಮಾಪನದ ಹೊಣೆ ಹೊತ್ತಿರುವ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ, ಅನುಭವ ಪತ್ರದ ಜೊತೆಗೆ ಸಂಬಳ ಬಂದದ್ದಕ್ಕೂ ಪುರಾವೆ ಕೇಳುತ್ತದೆ. ಪಾಸ್‌ಬುಕ್, ಭವಿಷ್ಯನಿಧಿ ವಿವರ, ಫಾರ್ಮ್ 16 (ಸಂಬಳದಲ್ಲಿ ತೆರಿಗೆ ಕಡಿತವಾದ ಪ್ರಮಾಣಪತ್ರ) ಇರುವ 6 ವರ್ಷಗಳನ್ನೇ ಗಟ್ಟಿಯಾಗಿ ಮುಂದಿಡಿ. ಹಿಂದಿನ ತಾರೀಖು ಹಾಕಿದ ಪತ್ರವನ್ನು ಮಾತ್ರ ದಯವಿಟ್ಟು ಬರೆಸಿಕೊಳ್ಳಬೇಡಿ.

ಉತ್ತರ 2: ಕಾಗದಪತ್ರ ಒಪ್ಪಿಗೆಯಾದ ಮೇಲೆ ತಾಂತ್ರಿಕ ಪರೀಕ್ಷೆಯಿದೆ. ವಿದ್ಯುತ್ ಕಡಿದು, ಸ್ವಿಚ್ಚಿಗೆ ಬೀಗ ಹಾಕಿ, ತಂತಿ ಮುಟ್ಟುವ ಮುನ್ನ ಟೆಸ್ಟರ್ ಸರಿಯಿದೆಯೇ ಎಂದು ಪರೀಕ್ಷಿಸಿ, ಅದರಿಂದ ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಖಚಿತಪಡಿಸಿಕೊಳ್ಳುವ ಕ್ರಮ ಕೈಗೆ ರೂಢಿಯಾಗಿರಲಿ. ಗೆದ್ದರೂ ಅಲ್ಲಿನ ಪೂರ್ಣ ಲೈಸೆನ್ಸ್ ಕೂಡಲೇ ಸಿಗದು; ಮೇಲ್ವಿಚಾರಣೆಯಲ್ಲಿ ದುಡಿಯುತ್ತಲೇ ತರಬೇತಿ ಮುಗಿಸಬೇಕು.

ಪ್ರಶ್ನೆ ಕೇಳಿದವರು: ಧನ್ಯವಾದ. ನಾಳೆಯೇ ಬ್ಯಾಂಕಿಗೆ ಹೋಗುತ್ತೇನೆ.