ಅಪ್‌ಡೇಟ್: ಆರು ವರ್ಷ ಬಿಟ್ಟು ಮತ್ತೆ ಪೋಕರ್ ಆಡಲೇ ಅಂತ ಕೇಳಿದ್ದೆ

2019ರಲ್ಲಿ ಬಿಟ್ಟಿದ್ದ ಆನ್‌ಲೈನ್ ಪೋಕರನ್ನು (ದುಡ್ಡು ಕಟ್ಟಿ ಆಡುವ ಇಸ್ಪೀಟಾಟ) ಒಂದು-ಎರಡು ರೂಪಾಯಿಯ ಟೇಬಲ್‌ನಲ್ಲಿ ಮತ್ತೆ ಶುರು ಮಾಡಬಹುದಾ ಅಂತ ಕೇಳಿದ್ದೆ. "ಮೊದಲು ಲೆಕ್ಕ ಕಲಿ, ಆಮೇಲೆ ದುಡ್ಡು ಹಾಕು" ಅಂದವರೇ ಹೆಚ್ಚು.

ದುಡ್ಡಿನ ದಾರಿ ಮುಚ್ಚಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಕೌಶಲದ ಆಟ ಅಂದರೂ ವಿನಾಯಿತಿ ಇಲ್ಲ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ ನಿಜ, ಆದರೂ ಕದ್ದು ನಡೆಸುವ ಆ್ಯಪ್‌ಗೆ ನನ್ನ ಬ್ಯಾಂಕ್ ಖಾತೆ ಕೊಡಲಾರೆ.

ಲೆಕ್ಕ ಮಾತ್ರ ಕಲಿತೆ. ಭಾನುವಾರ ಸಂಜೆ ದಾವಣಗೆರೆಯ ನಮ್ಮ ಮನೆ ಮಹಡಿ ಮೇಲೆ ಐದು ಜನ ಸೇರ್ತೀವಿ. ಒಂದು ಕಟ್ಟು ಇಸ್ಪೀಟು, ಚಿಪ್ಸ್ ಬದಲು ಹುಣಸೆ ಬೀಜ, ಪಕ್ಕದಲ್ಲಿ ಮಂಡಕ್ಕಿ-ಮಿರ್ಚಿ.

ಮೊನ್ನೆ ನನ್ನ ಕೈಯಲ್ಲಿ ಆಟೀನ್ ಒಂಬತ್ತು, ಆಟೀನ್ ಆರು. ಎಲ್ಲರಿಗೂ ಸೇರಿದಂತೆ ಕೆಳಗೆ ಬಿಚ್ಚಿದ ಮೂರು ಎಲೆಯಲ್ಲಿ ಎರಡು ಆಟೀನ್. ಒಟ್ಟು ಐದು ಆಟೀನ್ ಆದರೆ ಗೆಲುವು ಹೆಚ್ಚುಕಡಿಮೆ ನನ್ನದೇ, ಇನ್ನೊಂದು ಬೇಕು. ಗೆಳೆಯ ಹಾಕಿದ್ದೂ ಸೇರಿ ನಡುವೆ 60 ಬೀಜ. ನಾನು ಹಾಕಬೇಕಾದ್ದು 20. ಅಂದರೆ ಒಟ್ಟು 80ರಲ್ಲಿ ನನ್ನದು 20, ನಷ್ಟ ಆಗದಿರಲು ನೂರಕ್ಕೆ 25 ಸಲವಾದರೂ ಗೆಲ್ಲಬೇಕು. ಕಾಣದ 47 ಎಲೆಯಲ್ಲಿ ಉಳಿದ ಆಟೀನ್ 9, ಮುಂದಿನದೇ ಆಟೀನ್ ಆಗುವ ಸಾಧ್ಯತೆ ನೂರಕ್ಕೆ 19. ಹಿಂದೆಲ್ಲಾ "ಬರ್ತದೆ ಬಿಡು" ಅಂತ ಹಾಕಿಬಿಡ್ತಿದ್ದೆ. ಈ ಸಲ ಬೀಜ ಹಾಕದೆ ಎಲೆ ಕೆಳಗಿಟ್ಟು ಆ ಆಟ ಬಿಟ್ಟೆ.

ಮುಂದಿನ ಎಲೆ ಆಟೀನೇ ಬಂತು! ಬೇಸರವಾಗಲಿಲ್ಲ, ಲೆಕ್ಕ ಸರಿಯಿತ್ತು. ಲೆಕ್ಕ ಕಲಿ ಅಂದ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಮುಂದಿನ ವಾರ ಆರನೆಯವರು ಬರ್ತಿದಾರೆ, ಇನ್ನೊಂದು ಡಬ್ಬಿ ಬೀಜ ತೊಳೆದು ಒಣಗಿಸಿದೀನಿ.