ಅಪ್‌ಡೇಟ್: ಗೊರಸಿನ ಉರಿಯೂತಕ್ಕೆ ಕೊನೆಗೆ ಫಲ ಕೊಟ್ಟದ್ದು

ಗೊರಸು ಬಿಸಿಯಾಗಿ ಕುಂಟುತ್ತಿದ್ದ ನನ್ನ ಹೆಣ್ಣು ಕುದುರೆಗೆ ಕಾಲಿನ ರಕ್ತಸಂಚಾರ ಹೆಚ್ಚಿಸುವ ಔಷಧಿ ಯಾವುದೆಂದು ಎರಡು ವಾರಗಳ ಹಿಂದೆ ಕೇಳಿದ್ದೆ. ಹಲವರು ಸೂಚಿಸಿದ ಐಸಾಕ್ಸುಪ್ರಿನ್ ಮಾತ್ರೆಯಿಂದ ಏನೂ ಪ್ರಯೋಜನವಾಗಲಿಲ್ಲ. ಬಾಯಿಯ ಮೂಲಕ ಕೊಟ್ಟಾಗ ಅದರ ಬಹುಭಾಗ ಯಕೃತ್ತಿನಲ್ಲೇ ವಿಭಜನೆಗೊಂಡು ಉಳಿದ ಅಲ್ಪಾಂಶವಷ್ಟೇ ರಕ್ತಕ್ಕೆ ಸೇರುತ್ತದೆ ಎಂದು ಪಶುವೈದ್ಯರು ವಿವರಿಸಿದರು. ಅಸೆಪ್ರೊಮಜೈನ್ ಎಂಬ ಶಾಂತಗೊಳಿಸುವ ಔಷಧಿ ಗೊರಸಿನ ರಕ್ತದ ಹರಿವನ್ನು ನಿಜವಾಗಿಯೂ ಹೆಚ್ಚಿಸುತ್ತದೆಯಂತೆ, ಆದರೆ ನನ್ನ ಕುದುರೆ ಅದರಿಂದ ತೂಕಡಿಸತೊಡಗಿತು.

ಗುಣ ಕಂಡದ್ದು ಒಬ್ಬರು ಹೇಳಿದ್ದ ಮಂಜುಗಡ್ಡೆಯಿಂದ. ಆರಂಭದ 2 ದಿನ ಮುಂಗಾಲುಗಳನ್ನು ಬಿಡುವಿಲ್ಲದೆ ತಂಪಿನಲ್ಲಿಟ್ಟು, ನೋವು, ಉರಿಯೂತ ತಗ್ಗಿಸುವ ಫಿನೈಲ್‌ಬ್ಯುಟಜೋನ್ ಕೊಟ್ಟೆವು. ರಕ್ತಸಂಚಾರ ಹೆಚ್ಚಿಸಲು ಹೊರಟ ನನಗೆ, ರಕ್ತನಾಳಗಳನ್ನು ಕುಗ್ಗಿಸುವ ತಂಪೇ ನೆರವಾದದ್ದು ಅಚ್ಚರಿ. ಈ ಉರಿಯೂತಕ್ಕೆ ಕಾರಣವಾಗಬಲ್ಲ ಇನ್ಸುಲಿನ್ ರಕ್ತದಲ್ಲಿ ಹೆಚ್ಚಿರುವುದು ಪರೀಕ್ಷೆಯಲ್ಲಿ ತಿಳಿದ ಮೇಲೆ ಬೆಲ್ಲ, ಧಾನ್ಯ ನಿಲ್ಲಿಸಿದ್ದೇವೆ. ಈಗ ಮೆತ್ತನೆಯ ನೆಲದಲ್ಲಿ ಕುಂಟದೆ ನಡೆಯುತ್ತಿದೆ.