ಹಳೇ ಲಾರಿಗೆ ಡೀಸೆಲ್ ಪ್ರೆಷರ್ ಮೀಟರ್: ಕನೆಕ್ಷನ್ ಎಲ್ಲಿಂದ ತೆಗೆಯಬೇಕು?

ಕೋಲಾರ_ಲೋಡ್:
ನಮ್ಮದು ಹಳೇ ಆರು ಚಕ್ರದ ಲಾರಿ, ನಾಜಲ್ಲಿಗೆ ಡೀಸೆಲ್ ತಳ್ಳುವುದು ಇನ್‌ಲೈನ್ ಪಂಪ್. ಕೋಲಾರ ಎಪಿಎಂಸಿಯಿಂದ ಚೆನ್ನೈಗೆ ಟೊಮೆಟೊ ಹೊಡೆಯುತ್ತೇನೆ. ಹೋಗುವಾಗ ತೊಂದರೆಯಿಲ್ಲ, ವಾಪಸ್ ಲೋಡ್ ಹಾಕಿಕೊಂಡು ಚಿತ್ತೂರು ದಾಟಿ ಮೊಗಿಲಿ ಘಾಟ್ ಹತ್ತುವಾಗ ಪಿಕಪ್ಪೇ ಇರುವುದಿಲ್ಲ. ಬೆಳಿಗ್ಗೆ ಹ್ಯಾಂಡ್ ಪಂಪ್ ಒತ್ತದೆ ಸ್ಟಾರ್ಟ್ ಆಗಲ್ಲ. ಎಲ್ಲೂ ಡೀಸೆಲ್ ತೊಟ್ಟಿಕ್ಕುತ್ತಿಲ್ಲ. ಪೈಪ್, ಫಿಟ್ಟಿಂಗ್ ಎಲ್ಲ ಹೊಸದು ಹಾಕಿಸಿ ಕ್ಯಾಬಿನ್ನಿನಲ್ಲಿ ಒಂದು ಮೀಟರ್ ಕೂರಿಸೋಣ ಅಂತಿದ್ದೇನೆ. ಒಬ್ಬರು ಪಂಪಿನಿಂದ ನಾಜಲ್ಲಿಗೆ ಹೋಗುವ ನಾಜಲ್ ಪೈಪಿಗೇ ಟೀ (ಮೂರು ಬಾಯಿಯ ಜಾಯಿಂಟ್) ಹಾಕೋಣ ಅನ್ನುತ್ತಿದ್ದಾರೆ, ಸರಿನಾ?

ಮುಳಬಾಗಿಲು_ಪಂಪ್_ಕೆಲಸ:
ನಾಜಲ್ ಪೈಪ್ ಮುಟ್ಟಲೇಬೇಡಿ ಸ್ವಾಮಿ. ಅಲ್ಲಿ ನೂರಾರು ಬಾರ್ ಪ್ರೆಷರ್ ಇರುತ್ತದೆ, ಕೈಗೆ ಚಿಮ್ಮಿದರೆ ಚರ್ಮ ತೂತು ಮಾಡಿಕೊಂಡು ಒಳಗೆ ಹೋಗುತ್ತದೆ. ಫಿಲ್ಟರ್ ಆದ ಮೇಲೆ, ಇನ್‌ಲೈನ್ ಪಂಪಿಗೆ ಸೇರುವ ಮುಂಚೆ ಟೀ ಹಾಕಿಸಿ. ಅಲ್ಲಿ ಒಂದೆರಡು ಬಾರ್ ಅಷ್ಟೇ, ಆದ್ದರಿಂದ 4 ಬಾರ್ ಮೀಟರ್ ಸಾಕು. 16 ಬಾರಿನದು ಹಾಕಿದರೆ ಮುಳ್ಳು ಇಳಿದಿದ್ದೇ ಗೊತ್ತಾಗಲ್ಲ.

ತೊಟ್ಟಿಕ್ಕುತ್ತಿಲ್ಲ ಅಂದಿರಲ್ಲ, ಅಲ್ಲೇ ಇರುವುದು ವಿಷಯ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ, ಅಂದರೆ ಫಿಲ್ಟರಿಗೆ ಡೀಸೆಲ್ ಕಳಿಸುವ ಚಿಕ್ಕ ಪಂಪಿನವರೆಗೆ, ಡೀಸೆಲನ್ನು ಎಳೆಯುತ್ತದೆ, ತಳ್ಳುವುದಿಲ್ಲ. ಆ ಭಾಗದಲ್ಲಿ ಜಾಯಿಂಟ್ ಲೂಸ್ ಇದ್ದರೆ ಡೀಸೆಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತದೆ. ಫೀಡ್ ಪಂಪಿನ ಮುಂಚೆ ಒಂದು ಗೇಣು ಒಳಗೆ ಕಾಣುವ ಪೈಪ್ ಸಿಕ್ಕಿಸಿ, ಗುಳ್ಳೆ ಓಡುತ್ತಾ ನೋಡಿ. ನೋಡಿದ ಮೇಲೆ ಬಿಚ್ಚಿಬಿಡಿ, ಅದರಲ್ಲೇ ಲೋಡ್ ಹೊಡೆಯಬೇಡಿ.

ಶಿರಾ_ರೋಡ್:
ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿದರೆ ಮುಗೀತಲ್ಲ, ಇಷ್ಟೆಲ್ಲ ಯಾಕೆ?

ಮುಳಬಾಗಿಲು_ಪಂಪ್_ಕೆಲಸ:
ಅದು ನಲ್ಲಿ ಕೆಲಸಕ್ಕೆ ಇಟ್ಟುಕೊಳ್ಳಿ. ಟೇಪಿನ ಚೂರು ಹರಿದು ಪಂಪಿಗೆ, ನಾಜಲ್ಲಿಗೆ ಹೋದರೆ ಯಾರು ಖರ್ಚು ಕೊಡುತ್ತಾರೆ? ಬ್ಯಾಂಜೋ ಬೋಲ್ಟಿನಲ್ಲಿ (ಪೈಪಿನ ಬಳೆಯನ್ನು ಹಿಡಿಯುವ, ಒಳಗೆ ತೂತಿರುವ ಬೋಲ್ಟ್) ಸೀಲ್ ಆಗುವುದು ಥ್ರೆಡ್ಡಿನಲ್ಲಲ್ಲ, ಎರಡೂ ಕಡೆ ಇರುವ ತಾಮ್ರದ ವಾಷರಿನಲ್ಲಿ. ಬಿಚ್ಚಿದಾಗಲೆಲ್ಲ ಹೊಸ ವಾಷರ್ ಹಾಕಿ. ಹಳೆಯದು ಒತ್ತಿ ಗಟ್ಟಿಯಾಗಿರುತ್ತದೆ, ಎಷ್ಟು ಬಿಗಿದರೂ ಕೂರಲ್ಲ. ರಬ್ಬರ್ ಹೋಸ್ ಕೂಡ ಡೀಸೆಲಿಗೆ ಅಂತಲೇ ಬರುವ ನೈಟ್ರೈಲಿನದು ತಗೊಳ್ಳಿ, ನೀರಿನ ಪೈಪ್ ಉಬ್ಬಿಹೋಗುತ್ತದೆ.

ಚಿಂತಾಮಣಿ_ಟಿಪ್ಪರ್:
ಇನ್ನೊಂದು, ಕ್ಯಾಬಿನ್ನಿನೊಳಗೆ ಡೀಸೆಲ್ ಪೈಪ್ ಎಳೆಯಬೇಡಿ. ಒಡೆದರೆ ಡೀಸೆಲೆಲ್ಲ ಕಾಲ ಮೇಲೆ. ಇಂಜಿನ್ ಹತ್ತಿರ ಸೆಂಡರ್ (ಪ್ರೆಷರ್ ಅಳೆದು ವೈರಿನಲ್ಲಿ ಮೀಟರಿಗೆ ತಿಳಿಸುವ ಸೆನ್ಸರ್) ಹಾಕಿ, ಒಳಗೆ ವೈರ್ ಮಾತ್ರ ಬರಲಿ. ದುಡ್ಡು ಜಾಸ್ತಿ ಅನ್ನಿಸಿದರೆ ಗ್ಲಿಸರಿನ್ ತುಂಬಿದ ಮೀಟರನ್ನು ಇಂಜಿನ್ ಪಕ್ಕದಲ್ಲೇ ಕೂರಿಸಿ, ಲಾರಿ ನಡುಕಕ್ಕೆ ಮಾಮೂಲಿ ಮೀಟರ್ ಬಾಳಲ್ಲ.

ಕೋಲಾರ_ಲೋಡ್:
ಸೆಂಡರೇ ಹಾಕಿಸುತ್ತೇನೆ ಅಣ್ಣ. ಘಾಟಿನಲ್ಲಿ ಮುಳ್ಳು ಇಳಿದರೆ ಏನಂತ ತಿಳಿಯಬೇಕು?

ಮುಳಬಾಗಿಲು_ಪಂಪ್_ಕೆಲಸ:
ಲೋಡಿನಲ್ಲಿ ಮಾತ್ರ ಇಳಿದರೆ ಮೊದಲು ಫಿಲ್ಟರ್, ಆಮೇಲೆ ಟ್ಯಾಂಕಿನೊಳಗಿನ ಜಾಲರಿ ನೋಡಿ. ಯಾವಾಗಲೂ ನಡುಗುತ್ತಿದ್ದರೆ ಗಾಳಿ ಇರಬಹುದು. ಮುಳ್ಳು ಅಲ್ಲಾಡದೆ ನಿಂತು ಪಿಕಪ್ ಮಾತ್ರ ಇಲ್ಲ ಅಂದರೆ ಡೀಸೆಲ್ ಲೈನ್ ಬಿಟ್ಟು ಏರ್ ಫಿಲ್ಟರ್, ಟರ್ಬೋ ಹೋಸ್ ಕಡೆ ಹೋಗಿ.